ಈರಮ್ಮನ ಚುಕ್ಕೆ ಗೋಡೆ ದಾಟಿದ್ದು

ನಾನು ಮಾಡುತ್ತಿದ್ದ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಇಂಗ್ಲಿಷಿನ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಮನೆಯಲ್ಲಿ ಯಾರಾದರೂ ಕೇಳಿದರೆ ಮೊಮ್ಮಕ್ಕಳು, "ನಮ್ಮಜ್ಜಿ ಫೋನ್ ಹಿಡಕೊಂಡು ನಿಂದ್ರೂ ಕೆಲಸ ಮಾಡ್ತಿದ್ಲು" ಎಂದು ನಗುತ್ತಾರೆ. ನಗಲಿ, ಸುಳ್ಳೇನಲ್ಲ. ಈಗ ಮೊಣಕಾಲು ಹೋಗಿದೆ, ಕೆಲಸ ಬಿಟ್ಟಿದ್ದೇನೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಸೇಡಮ್ಮಿನ ನಮ್ಮ ಮನೆ ಹುಡುಕಿಕೊಂಡು ಬಂದು, "ನಾಗಮ್ಮಾಯಿ, ಏನ್ ಮಾಡಬೇಕಾಗ್ತದ, ಹೇಳ್ರಿ" ಎಂದು ಕೇಳುತ್ತಾರೆ. ಎಷ್ಟು ಜನಕ್ಕೆಂದು ಬಾಯಿ ನೋಯಿಸಿಕೊಳ್ಳಲಿ? ನಾಲ್ಕನೇ ಇಯತ್ತೆ ಓದಿದವಳು ನಾನು, ಅಕ್ಷರ ಗೊತ್ತು. ಬರೆದೇ ಬಿಡುತ್ತೇನೆ.

ಬರೆಯಲು ಇನ್ನೊಂದು ಕಾರಣ ಈರಮ್ಮ. ನಾವು ಮಾಡಿಕೊಟ್ಟ ನಕಾಶೆಯಿಂದ ಅವಳ ಕೆಲಸ ಹೋಗುವುದರಲ್ಲಿತ್ತು. ಆ ದಿನದ ಗದ್ದಲ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಕೆಲಸ ಎಂಥದು ಎಂದು ಮೊದಲು ತಿಳಿಯದಿದ್ದರೆ ಆ ಗದ್ದಲ ನಿಮಗೆ ತಲೆಗೆ ಹತ್ತುವುದಿಲ್ಲ.

ಬಯಲಿನಲ್ಲಿ ನೀವೆಲ್ಲಿದ್ದೀರಿ ಎಂದು ಫೋನು ಹೇಳುತ್ತದೆ. ಅದು ಆಕಾಶದ ಉಪಗ್ರಹಗಳ ಪುಣ್ಯ. ಛತ್ತಿನ ಕೆಳಗೆ ಬಂದಿರೋ, ಅದಕ್ಕೆ ಕಣ್ಣು ಕಟ್ಟಿದಂತೆ. ಆಸ್ಪತ್ರೆಯ ಒಳಗೆ, ಗೋದಾಮಿನ ಒಳಗೆ, ಮೂರು ಅಂತಸ್ತಿನ ಅಂಗಡಿಯ ಒಳಗೆ ಯಾರು ಎಲ್ಲಿದ್ದಾರೆ ಎಂದು ತಿಳಿಯಬೇಕಾದರೆ ವೈಫೈ ಡಬ್ಬಿಗಳನ್ನು ಹಿಡಿಯಬೇಕು. ಹೇಗೆ ಅಂತೀರಾ? ಕಣ್ಣು ಮುಚ್ಚಿಕೊಂಡು ನಿಮ್ಮ ಮನೆಯಲ್ಲಿ ನಿಲ್ಲಿ. ಕುಕ್ಕರಿನ ಸೀಟಿ ಜೋರಾಗಿ, ಟೀವಿ ಸಣ್ಣಗೆ, ಓಣಿಯ ಹಿಟ್ಟಿನ ಗಿರಣಿ ಇನ್ನೂ ಸಣ್ಣಗೆ ಕೇಳಿದರೆ ನೀವು ಅಡುಗೆಮನೆಯಲ್ಲಿದ್ದೀರಿ. ಟೀವಿ ಜೋರು, ಕುಕ್ಕರು ಸಣ್ಣದು ಎಂದರೆ ಪಡಸಾಲೆಯಲ್ಲಿದ್ದೀರಿ. ಅಷ್ಟೇ. ಗೋಡೆಗೆ ನೇತುಹಾಕಿದ ಒಂದೊಂದು ವೈಫೈ ಡಬ್ಬಿಯೂ ಒಂದೊಂದು ಸೀಟಿ ಎಂದು ತಿಳಿಯಿರಿ. ನಾವು ಮೊದಲೇ ಹೋಗಿ ನೆಲದ ಮೇಲೆ ಗುರುತು ಹಾಕಿ, ಗುರುತುಗಳ ಮೇಲೆ ಒಂದೊಂದಾಗಿ ನಿಂತು, ಅಲ್ಲಿ ಯಾವ ಡಬ್ಬಿ ಎಷ್ಟು ಜೋರು ಎಂದು ಫೋನಿಗೆ ಕೇಳಿಸುತ್ತೇವೆ. ಅದೆಲ್ಲ ಸೇರಿ ನಕಾಶೆ. ಆಮೇಲೆ ಯಾರೇ ಅಲ್ಲಿ ಬಂದು ನಿಂತರೂ ಅವರ ಫೋನಿಗೆ ಕೇಳಿದ್ದನ್ನು ನಮ್ಮ ನಕಾಶೆಗೆ ಹೋಲಿಸಿ, "ಇಲ್ಲಿದ್ದಾರೆ" ಎಂದು ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಏಳುತ್ತದೆ.

ಮೊದಲ ಸಲ ಆ ಚುಕ್ಕೆ ನಾನು ನಡೆದಂತೆ ನಡೆದದ್ದನ್ನು ನೋಡಿ ನಾನು ಹುಚ್ಚಿಯ ಹಾಗೆ ಹಿಂದೆ ಮುಂದೆ ಓಡಾಡಿದ್ದೆ. ಸೇಡಮ್ಮಿನ ಒಂದು ಆಸ್ಪತ್ರೆಯಲ್ಲಿ ಆಗ ಕಸ ಹೊಡೆಯುತ್ತಿದ್ದೆ. ಶಹಾಬಾದಿನ ಪ್ರಜ್ಞಾ ಮೇಡಂ ಎಂಬ ಎಂಜಿನಿಯರು ಬಂದು, ನಾನು ಒರೆಸಿದ ನೆಲಕ್ಕೆಲ್ಲ ಹಳದಿ ಪಟ್ಟಿ ಅಂಟಿಸತೊಡಗಿದಳು. ನನಗೆ ಸಿಟ್ಟು ಬಂತು.

"ಏ ತಂಗಿ, ಈಗ ಒರಸೀನಿ. ಏನ್ ಅಂಟಸಾಕತ್ತೀದಿ?"

"ಅಮ್ಮಾ, ಇದರ ಮ್ಯಾಲ ಯಾರರೆ ನಿಂದ್ರಬೇಕು. ನನ್ನ ಸಂಗಟ ಬಂದ ಹುಡುಗರು ನಿಂದ್ರವಲ್ಲರು. ಫೋನ್ ಬಂದ್ರ ಮಾತಾಡಕೋತ ಹೋಗಿಬಿಡ್ತಾರ."

"ನಾ ನಿಂದ್ರಲೇನು?"

"ಅಳ್ಳಾಡಬಾರದು ಮತ್ತ."

"ಅಳ್ಳಾಡಿದ್ರ ಹೇಳು."

ಅವಳು ಎಣಿಸಿದ್ದಕ್ಕಿಂತ ಜಲ್ದಿ ಕೆಲಸ ಮುಗಿಯಿತು. ಮರುವಾರ ಆಸ್ಪತ್ರೆಯ ಕೆಲಸ ಬಿಟ್ಟು ಅವಳ ಗಾಡಿ ಹತ್ತಿದೆ. ಗಾಡಿ ಓಡಿಸುವವನು ವಾಡಿಯ ಮೌಲಾ, ನನ್ನಷ್ಟೇ ವಯಸ್ಸಾದವನು. ಏಣಿ ಹೊರುವುದು, ಗೋಡೆಗೆ ಡಬ್ಬಿ ಹೊಡೆಯುವುದು, ಎಲ್ಲರನ್ನೂ ಚಾಷ್ಟಿ ಮಾಡುವುದು ಅವನ ಕೆಲಸ. "ಯಕ್ಕಾ, ನಿನಗ ಬಟ್ಟಿ ಅಂಗಡಿಯವ್ರು ನೋಡಿದ್ರ ಗೊಂಬಿ ಅಂತ ಸೀರಿ ಉಡಿಸಿ ಬಾಗಲದಾಗ ನಿಂದ್ರಸ್ತಾರ" ಎಂದು ಮೊದಲ ದಿನವೇ ಅಂದ. "ನಿನಗ ನೋಡಿದ್ರ ಅಂಗಡೀನೇ ಮುಚ್ಚತಾರ" ಎಂದೆ. ಅಲ್ಲಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಒಂದೊಂದು ಗುರುತಿನ ಮೇಲೂ ನಾಲ್ಕೂ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಫೋನು ಎದೆಯ ಮುಂದೆ, ಮೊಣಕೈ ಮಡಚಿ, ಪಂಚಾರತಿ ಹಿಡಿದಂತೆ. ಯಾಕೆ ನಾಲ್ಕು ದಿಕ್ಕು ಎಂದು ಕೇಳಿದ್ದಕ್ಕೆ ಮೇಡಂ, "ಮನಷ್ಯಾರ ಮೈಯಾಗ ನೀರು ಭಾಳ ಇರ್ತದ. ಡಬ್ಬಿ ಸಿಗ್ನಲ್ ಮೈಯಾಗ ಹಾದು ಹೋಗಬೇಕಾದ್ರ ಸೊರಗ್ತದ" ಎಂದಳು. ಹಾಗಾದರೆ ನಾನು ನೀರಿನ ಕೊಡ. ಸರಿ ಎಂದೆ.

ಇನ್ನು ಫಜೀತಿಗಳು. ಎಲ್ಲಕ್ಕಿಂತ ದೊಡ್ಡದು ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಆಯಿತು. ಅಲ್ಲೊಂದು ಬಟ್ಟೆ ಅಂಗಡಿ, ಮೂರು ಅಂತಸ್ತು. ಗಿರಾಕಿ ಫೋನಿನಲ್ಲಿ "ಧೋತರ" ಎಂದು ಒತ್ತಿದರೆ ಫೋನೇ ದಾರಿ ತೋರಿಸಬೇಕು ಎಂದು ಮಾಲೀಕನ ಆಸೆ. ನಕಾಶೆ ಮಾಡಿದೆವು, ನಮ್ಮ ಕಣ್ಣೆದುರಿಗೆ ಚೆನ್ನಾಗಿ ನಡೆಯಿತು. ಊರಿಗೆ ಬಂದು ಕೈ ತೊಳೆಯುವುದರೊಳಗೆ ಮಾಲೀಕನ ಫೋನು: ಧೋತರ ಕೇಳಿದ ಮುದುಕನನ್ನು ಫೋನು ಹೆಂಗಸರು ಬಟ್ಟೆ ಹಾಕಿಕೊಂಡು ನೋಡುವ ಖೋಲಿಗೆ ಕರೆದೊಯ್ದಿದೆ! ಒಳಗಿದ್ದವಳು ಚೀರಿದ್ದಾಳೆ, ಮುದುಕ ಮೆಟ್ಟಿಲ ಮೇಲಿಂದ ಉರುಳುವುದೊಂದು ಬಾಕಿ.

ಓಡಿದೆವು. ಮತ್ತೆ ನಿಂತೆ, ಮತ್ತೆ ತಿರುಗಿದೆ. ಎಲ್ಲ ಸರಿಹೋಯಿತು. ಮರುದಿನ ಮತ್ತೆ ಅದೇ ಗೋಳು. ಮೇಡಂ ತಲೆ ಹಿಡಿದುಕೊಂಡು ಕೂತುಬಿಟ್ಟಳು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಾವು ಅಲ್ಲೇ ಇದ್ದದ್ದಕ್ಕೆ ಗುಟ್ಟು ಹೊರಬಿತ್ತು. ಮಾಲೀಕ ಸ್ಟೂಲು ಹತ್ತಿ ವೈಫೈ ಡಬ್ಬಿಗಳನ್ನೆಲ್ಲ ಮೊಳೆಯಿಂದ ಬಿಚ್ಚಿ ಕೈಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

"ಏನ್ ಮಾಡಾಕತ್ತೀರಿ ಸಾವಕಾರ್ರ?" ಎಂದು ಮೇಡಂ ಕೂಗಿದಳು.

"ಮನೀಗಿ ಒಯ್ಯಾಕತ್ತೀನ್ರಿ. ಇಷ್ಟು ತುಟ್ಟಿ ಸಾಮಾನು ಇಲ್ಲಿ ಬಿಟ್ರ ಕಳ್ಳರು ಬಿಡ್ತಾರೇನ್ರಿ?"

"ಮುಂಜಾನೆ ಯಾವುದು ಎಲ್ಲಿ ಹಾಕ್ತೀರಿ?"

"ಕೈಗಿ ಬಂದಿದ್ದು ಕಂಡ ಮೊಳಿಗಿ. ಎಲ್ಲಾ ಒಂದೇ ಥರಾ ಅವಲ್ರಿ!"

ಮೌಲಾ ಏಣಿ ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕ. ಕುಕ್ಕರು ಪಡಸಾಲೆಗೆ, ಟೀವಿ ಅಡುಗೆಮನೆಗೆ ಹೋದರೆ ಕಣ್ಣು ಮುಚ್ಚಿದವನು ಏನು ಮಾಡಬೇಕು? ಅಂದಿನಿಂದ ಡಬ್ಬಿಗಳಿಗೆ ತಂತಿಯ ಪಂಜರ ಮಾಡಿ ಗೋಡೆಗೇ ಬಿಗಿಯುವುದು ಶುರುವಾಯಿತು.

ಶಹಾಬಾದಿನ ಫಜೀತಿ ಬೇರೆ ತರಹದ್ದು. ಅಲ್ಲಿಯ ಒಂದು ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಗೋದಾಮಿಗೆ ನಮ್ಮ ಮೇಡಮ್ಮಿನ ಮೇಲಿನ ಸಾಹೇಬ ತಾನೇ ಬಂದ. ಇಸ್ತ್ರಿ ಅಂಗಿ, ಕರಿ ಕನ್ನಡಕ. ಜಲ್ದಿ, ಜಲ್ದಿ ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಆಗಷ್ಟೇ ಕೊಯ್ದ ಹಸಿ ಪರಸಿಗಳನ್ನು ಗೋಡೆಯ ಹಾಗೆ ಸಾಲಾಗಿ ನಿಲ್ಲಿಸಿದ್ದರು, ನೀರು ತೊಟ್ಟಿಕ್ಕುತ್ತಿತ್ತು. ಒಣಗಲಿ ಎಂದು ಮೇಡಂ ಅಂದರೆ ಸಾಹೇಬ ಕೇಳಲಿಲ್ಲ. ನಕಾಶೆ ಆಯಿತು. ಪರಸಿ ಒಣಗಿದವು, ಲಾರಿ ಹತ್ತಿ ಹೋದವು, ನಕಾಶೆಯಲ್ಲಿದ್ದ ಗೋಡೆಗಳೇ ಮಾಯ! ಎಲ್ಲ ಮತ್ತೆ ಮಾಡಿದೆವು. ಸಾಹೇಬ ಅದಕ್ಕೂ ಜಲ್ದಿ ಎಂದ. ಹುಡುಗಿಯರೇ, ಮೇಲಿನವರು ಹೀಗೇ ಇರುತ್ತಾರೆ. ಅವರ ಎದುರಿಗೆ ಹೂಂ ಅನ್ನಿ, ಆದರೆ ಪರಸಿ ಒಣಗುವ ತನಕ ಒಂದು ಕಪ್ ಚಹಾ ಕುಡಿಯಿರಿ.

ವಾಡಿಯ ಒಂದು ದೊಡ್ಡ ಖಾನಾವಳಿಯಲ್ಲಿ ನಾವು ಖಾಲಿ ಕುರ್ಚಿಗಳ ನಡುವೆ ಮಾಡಿದ ನಕಾಶೆ, ರೈಲು ಇಳಿದ ಮಂದಿ ತುಂಬಿಕೊಂಡ ಕೂಡಲೇ ದಿಕ್ಕು ತಪ್ಪಿತು. ಅಷ್ಟೊಂದು ನೀರಿನ ಕೊಡಗಳು ಒಮ್ಮೆಲೇ ಒಳಗೆ ಬಂದರೆ ಏನಾಗಬೇಕು? ಆಮೇಲೆ ಜನ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ಮಾಡುವ ಪದ್ಧತಿ ಬಂತು. ಮುಂದೆ ಹಳದಿ ಪಟ್ಟಿಯೂ ಹೋಗಿ, ಸುಮ್ಮನೆ ನಡೆಯುತ್ತ ಹೋದರೆ ಹೆಜ್ಜೆಗಳನ್ನು ತಾನೇ ಎಣಿಸಿಕೊಳ್ಳುವ ಫೋನು ಬಂತು. ಈಗ ಡಬ್ಬಿಗೂ ಫೋನಿಗೂ ಮಧ್ಯೆ ಸಿಗ್ನಲ್ ಹೋಗಿಬರಲು ಹಿಡಿದ ಹೊತ್ತನ್ನು ಅಳೆದು ದೂರ ಹೇಳುವ ಹೊಸ ಡಬ್ಬಿಗಳೂ ಬಂದಿವೆಯಂತೆ. ಒಳ್ಳೆಯದು. ಬಂದದ್ದನ್ನೆಲ್ಲ ಕಲಿಯಿರಿ. ಹಳೆಯದೇ ಚಂದ ಎಂದು ಅಳುವವಳು ನಾನಲ್ಲ.

ಈಗ ಈರಮ್ಮನ ವಿಷಯ.

ಚಿತ್ತಾಪುರದ ದಾರಿಯಲ್ಲಿ ಒಂದು ದೊಡ್ಡ ದಾಲ್ ಮಿಲ್. ಹೆಸರು ಬೇಡ. ಒಳಗೆ ತೊಗರಿ ಚೀಲಗಳನ್ನು ಛತ್ತು ಮುಟ್ಟುವಂತೆ ಒಟ್ಟಿರುತ್ತಾರೆ. ಆ ಒಟ್ಟಿಲುಗಳಿಗೆ ಥಪ್ಪಿ ಅನ್ನುತ್ತಾರೆ. ಥಪ್ಪಿ ಜಾರಿ ಬಿದ್ದರೆ ಕೆಳಗೆ ಯಾರಿದ್ದಾರೆ ಎಂದು ಕೂಡಲೇ ತಿಳಿಯಬೇಕು ಎಂಬುದಕ್ಕೆ ನಮ್ಮನ್ನು ಕರೆಸಿದ್ದರು. ಒಳ್ಳೆಯ ಉದ್ದೇಶ. ಕೆಲಸಗಾರರಿಗೆಲ್ಲ ಮಿಲ್ಲಿನವರೇ ಒಂದೊಂದು ಸಣ್ಣ ಫೋನು ಕೊಟ್ಟು, ಕೊರಳಿಗೆ ಹಾಕಿಕೊಳ್ಳಲು ಒಂದು ದಾರವನ್ನೂ ಕೊಟ್ಟರು. ನಾವು ಥಪ್ಪಿಗಳ ಸಂದಿಯಲ್ಲೆಲ್ಲ ನಿಂತು, ತಿರುಗಿ, ನಕಾಶೆ ಮಾಡಿಕೊಟ್ಟೆವು. ಚುಕ್ಕೆಗಳು ಮಿಲ್ಲಿನ ತುಂಬ ಇರುವೆಯ ಹಾಗೆ ಓಡಾಡಿದವು. ನನಗಂತೂ ಹಬ್ಬವಾಗಿತ್ತು!

ಅಲ್ಲಿಯ ಮ್ಯಾನೇಜರಿಗೂ ಹಬ್ಬವಾಯಿತು, ಆದರೆ ಅವನ ಹಬ್ಬ ಬೇರೆ. ಥಪ್ಪಿ ಬೀಳಲಿಲ್ಲ. ಖಾಲಿ ಕೂತ ಪರದೆಯನ್ನು ಅವನು ಹಾಜರಿಗೆ ಬಳಸಲು ಶುರು ಮಾಡಿದ. ಯಾರ ಚುಕ್ಕೆ ಎಲ್ಲಿ, ಯಾರು ಕೆಲಸದ ಜಾಗದಲ್ಲಿಲ್ಲ ಎಂದು ತನ್ನ ಖೋಲಿಯಲ್ಲಿ ಕೂತು ನೋಡುತ್ತಿದ್ದ.

ಅವನ ಬಾಯಿಗೆ ಸಿಕ್ಕಿದ್ದು ಈರಮ್ಮ. ಕುರಕುಂಟಾದವಳು, ಬಾಯಿ ಜೋರು, ಕೈಯೂ ಜೋರು. ಗಾಳಿಗೆ ಹಾಕುವ ಯಂತ್ರದ ಬೆಲ್ಟಿನಿಂದ ಉದುರುವ ತೊಗರಿಯನ್ನು ದಿನವಿಡೀ ಗುಡಿಸಿ ಒಟ್ಟುವುದು ಅವಳ ಕೆಲಸ. ಬೆಲ್ಟಿನ ಪಕ್ಕದಲ್ಲಿ ಇಟ್ಟಿಗೆಯ ಗೋಡೆ, ಗೋಡೆಯ ಆಚೆಗೆ ಚಹಾದ ಶೆಡ್ಡು. ಅಲ್ಲಿಯೂ ನಮ್ಮದೊಂದು ಡಬ್ಬಿ ಇತ್ತು. ಈರಮ್ಮನ ಚುಕ್ಕೆ ದಿನಾ ಹೊತ್ತುಗಟ್ಟಲೆ ಆ ಚಹಾದ ಶೆಡ್ಡಿನಲ್ಲೇ ಕೂತಿರುತ್ತಿತ್ತು.

ಮ್ಯಾನೇಜರು ಒಂದು ಸಲ ಬೈದ, ಎರಡು ಸಲ ಬೈದ. ಅವಳು ಒಪ್ಪಲಿಲ್ಲ. ಕೊನೆಗೆ ನಾಳೆಯಿಂದ ಬರಬೇಡ ಎಂದುಬಿಟ್ಟ. ಈರಮ್ಮ ಹೋಗಲಿಲ್ಲ. ನಕಾಶೆ ಮಾಡಿದವರನ್ನು ಕರೆಸು, ನನ್ನೆದುರಿಗೆ ಹೇಳಲಿ ಎಂದು ಹಟ ಹಿಡಿದಳು. ಅವಳ ಪರವಾಗಿ ಬೇರೆ ಹೆಂಗಸರೂ ಕಸಬರಿಗೆ ಕೆಳಗಿಟ್ಟು ಕೂತರು. ಯಂತ್ರ ನಿಂತಿತು. ಆಗ ನಮಗೆ ಕರೆ ಬಂತು.

ಗಾಡಿಯಲ್ಲಿ ಮೇಡಮ್ಮಿಗೆ ನಾನೇ ಕೇಳಿದೆ, "ಆಕಿ ಖರೇನೇ ಚಹಾ ಕುಡ್ಯಾಕ ಹೋಗ್ಯಾಳೇನು?"

"ಗೊತ್ತಿಲ್ಲ ನಾಗಮ್ಮಾ. ಹೋಗಿದ್ರ ನಕಾಶೆ ಬರೋಬರಿ ಅದ. ಹೋಗಿಲ್ಲಂದ್ರ ನಾವು ಒಬ್ಬಾಕಿ ಹೊಟ್ಟಿ ಮ್ಯಾಲ ಹೊಡದೀವಿ."

ಈರಮ್ಮನ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇತ್ತು ಎಂದು ದೊಡ್ಡಸ್ತಿಕೆ ಹೇಳುವುದಿಲ್ಲ. ಅವಳು ಹೋಗಿದ್ದರೂ ಹೋಗಿರಬಹುದು. ನಾನೂ ಕಸ ಹೊಡೆದವಳು. ಸೊಂಟ ಹಿಡಿದಾಗ ಚಹಾ ಬೇಕಾಗುತ್ತದೆ.

ಗೋದಾಮಿನ ನಡುವೆ ಮೇಜು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಮ್ಯಾನೇಜರು ಕುರ್ಚಿಯಲ್ಲಿ. ಸುತ್ತ ಹಮಾಲರು, ಹೆಂಗಸರು, ಲಾರಿ ಡ್ರೈವರು, ಎಲ್ಲರೂ. ಈರಮ್ಮ ಗೋಡೆಯ ಹತ್ತಿರ ತನ್ನ ಜಾಗದಲ್ಲಿ ನಿಂತು ಸೆರಗು ಬಿಗಿದುಕೊಂಡಳು.

"ನಿಮ್ಮ ಫೋನ್ ಎಲ್ಲಿ ಅದ ಅಮ್ಮಾ?" ಎಂದು ಮೇಡಂ ಕೇಳಿದಳು.

ಈರಮ್ಮ ಫೋನು ತೆಗೆದು ಕೈಯಲ್ಲಿ ಎತ್ತಿ ತೋರಿಸಿದಳು. "ಇಲ್ಲೇ ಅದ ನೋಡ್ರಿ. ಕಣ್ಣು ಇದ್ದವ್ರು ಎಲ್ಲಾರೂ ನೋಡ್ರಿ."

ಎಲ್ಲರೂ ಪರದೆಗೆ ಬಗ್ಗಿದೆವು. ಚುಕ್ಕೆ ಕೂಡಲೇ ಓಡುವುದಿಲ್ಲ, ಸ್ವಲ್ಪ ಹೊತ್ತು ತಿಣುಕುತ್ತದೆ. ತಿಣುಕಿತು. ಆಮೇಲೆ ಬಂದು ನಿಂತಿತು. ಸರಿಯಾಗಿ ಗೋಡೆಯ ಈಚೆಗೆ, ಬೆಲ್ಟಿನ ಪಕ್ಕ, ಈರಮ್ಮ ನಿಂತ ಜಾಗದಲ್ಲೇ!

ಮ್ಯಾನೇಜರು ತೊಡೆ ತಟ್ಟಿದ. "ನೋಡಿದ್ರ್ಯಾ? ಇಲ್ಲಿದ್ರ ಇಲ್ಲೇ ತೋರಸ್ತದ. ಅಂದ್ರ ಅಲ್ಲಿ ತೋರಿಸಿದಾಗ ಅಲ್ಲೇ ಇದ್ದಳು. ಇನ್ನೇನ್ ಬೇಕು ಪುರಾವೆ?"

ಮೇಡಮ್ಮಿನ ಮುಖ ನೋಡಿದೆ. ನಕಾಶೆ ಗೆದ್ದದ್ದಕ್ಕೆ ಖುಷಿಪಡಬೇಕಾದವಳು ತುಟಿ ಕಚ್ಚಿಕೊಂಡಿದ್ದಳು. ಹೆಂಗಸರ ಗುಂಪು ತಣ್ಣಗಾಯಿತು. ಒಬ್ಬಳು ಎದ್ದು ಕಸಬರಿಗೆ ಎತ್ತಿಕೊಂಡಳು. ಈರಮ್ಮ ಒಂದು ಗಳಿಗೆ ಫೋನನ್ನೇ ನೋಡಿದಳು, ಅದು ತನ್ನ ಮುಖಕ್ಕೆ ಉಗುಳಿದ ಹಾಗೆ.

"ಆತು, ನಡಿ. ಲೆಕ್ಕಾ ಮುಗಿಸ್ಕೊಂಡು ಹೋಗು" ಎಂದ ಮ್ಯಾನೇಜರು.

"ಹೋಗ್ತೀನ್ರಿ. ಈ ತೊಗರಿ ಗುಡಸೋದು ಅರ್ಧಾ ಆಗ್ಯದ. ಅರ್ಧಾ ಕೆಲಸ ಬಿಟ್ಟು ಹೋದ್ಲು ಅಂತ ಅದೊಂದು ಮಾತು ಬ್ಯಾಡ ನನಗ."

ಎಂದವಳೇ ನಡುವಿನಲ್ಲಿ ಸಿಕ್ಕಿಸಿಕೊಂಡಿದ್ದ ಎಲೆ ಚಂಚಿ ಎಳೆದಳು. ಚಂಚಿ ಗೊತ್ತಲ್ಲ, ನಮ್ಮ ಕಡೆಯ ಹೆಂಗಸರು ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಫೋನನ್ನು ಅದರೊಳಗೆ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತು, ತಗಡಿನ ಸುಣ್ಣದ ಡಬ್ಬಿ, ಎಲೆಗಳ ನಡುವೆ ತುರುಕಿ, ಚಂಚಿಯನ್ನು ಸುತ್ತಿ, ಮುಂದೆ ಹೊಟ್ಟೆಯ ಹತ್ತಿರ ನಿರಿಗೆಯೊಳಗೆ ಒತ್ತಿದಳು. ಗೋಡೆಗೆ ಮುಖ ಮಾಡಿ ಬಗ್ಗಿ ಗುಡಿಸತೊಡಗಿದಳು.

ನಾನು ಅವಳನ್ನೇ ನೋಡುತ್ತಿದ್ದೆ. ಮಂದಿ ಚೆದುರತೊಡಗಿದ್ದರು. ಒಮ್ಮೆಲೇ ಮೇಡಂ ನನ್ನ ಮುಂಗೈ ಹಿಡಿದಳು, ಬಳೆ ಒಡೆಯುವ ಹಾಗೆ.

"ನಾಗಮ್ಮಾ, ಹೋತು!"

"ಏನ್ ಹೋತು?"

"ಚುಕ್ಕಿ! ಚಹಾದ ಶೆಡ್ಡಿಗಿ ಹೋತು!"

ಪರದೆ ನೋಡಿದೆ. ಚುಕ್ಕೆ ಗೋಡೆ ದಾಟಿ ಆಚೆ ಕೂತಿದೆ. ತಲೆ ಎತ್ತಿದೆ. ಈರಮ್ಮ ಗೋಡೆಯ ಈಚೆ ನನ್ನ ಕಣ್ಣೆದುರಿಗೇ ಬಗ್ಗಿ ಸರ್ರ ಸರ್ರ ಗುಡಿಸುತ್ತಿದ್ದಾಳೆ.

"ನಿಂದರ್ರಿ ಎಲ್ಲಾರೂ!" ಎಂದು ನಾನು ಕೂಗಿದ ಕೂಗಿಗೆ ಪಾರಿವಾಳಗಳು ಹಾರಿದವು. "ಸಾಹೇಬ್ರ, ಬರ್ರಿ ಇಲ್ಲಿ. ಈಕಿ ಎಲ್ಲಿ ಅದಾಳ ಹೇಳ್ರಿ."

ಮ್ಯಾನೇಜರು ಪರದೆ ನೋಡಿದ, ಈರಮ್ಮನನ್ನು ನೋಡಿದ, ಮತ್ತೆ ಪರದೆ ನೋಡಿದ.

"ಮೌಲಾ," ಎಂದಳು ಮೇಡಂ, "ಶೆಡ್ಡಿಗಿ ಹೋಗಿ ಅಲ್ಲೊಬ್ಬಾಕಿ ಈರಮ್ಮ ಕುಂತಾಳೇನು ನೋಡಿ ಬಾ."

ಮೌಲಾ ಓಡಿಹೋಗಿ ಆಚೆಯಿಂದಲೇ ಕೂಗಿದ: "ಇಲ್ಲಿ ಒಂದು ನಾಯಿ ಮಲಗ್ಯದ ಮೇಡಮ್. ಹೆಸರು ಕೇಳಿದೆ, ಹೇಳವಲ್ಲದು!"

ಗೋದಾಮಿಗೆ ಗೋದಾಮೇ ನಕ್ಕಿತು. ಈರಮ್ಮ ಮಾತ್ರ ನಗಲಿಲ್ಲ, ಸೊಂಟ ನೆಟ್ಟಗೆ ಮಾಡಿ ನಿಂತಳು.

ಮೇಡಂ ಅವಳ ಹತ್ತಿರ ಓಡಿದಳು. ಫೋನು ಕೈಯಲ್ಲಿ ಹಿಡಿಸಿದಳು, ಚುಕ್ಕೆ ಈಚೆ ಬಂತು. ಚಂಚಿಯಲ್ಲಿ ಇಡಿಸಿ ಬಗ್ಗಿಸಿದಳು, ಆಚೆ ಹೋಯಿತು. ಮತ್ತೆ ಈಚೆ, ಮತ್ತೆ ಆಚೆ. ಪ್ರತಿ ಸಲವೂ ಮಂದಿ "ಹೋತು! ಬಂತು!" ಎಂದು ಕಬಡ್ಡಿ ನೋಡುವವರ ಹಾಗೆ ಕೂಗತೊಡಗಿದರು. ಹಮಾಲನೊಬ್ಬ ಚೀಲದ ಮೇಲೆ ಹತ್ತಿ ಶಿಳ್ಳೆ ಹೊಡೆದ.

ಆಮೇಲೆ ಮೇಡಂ ಎಲ್ಲರಿಗೂ ತಿಳಿಯುವಂತೆ ಹೇಳಿದಳು. ಗೋಡೆಗೆ ಮುಖ ಮಾಡಿ ಬಗ್ಗಿದಾಗ ಈರಮ್ಮನ ಮೈ, ಗೋದಾಮಿನ ಕಡೆಯ ಡಬ್ಬಿಗಳಿಗೆಲ್ಲ ಅಡ್ಡ ಬರುತ್ತದೆ. ಚಂಚಿಯೊಳಗಿನ ಅಡಕೊತ್ತು, ತಗಡಿನ ಡಬ್ಬಿ ಇನ್ನಷ್ಟು ಅಡ್ಡ. ಆ ಕಡೆಯವು ಸೊರಗಿ, ಮುಂದಿನ ಗೋಡೆಯ ಆಚೆ ಇರುವ ಚಹಾದ ಶೆಡ್ಡಿನ ಡಬ್ಬಿಯೊಂದೇ ಜೋರಾಗಿ ಕೇಳುತ್ತದೆ. ನಾವು ನಕಾಶೆ ಮಾಡಿದ್ದು ಫೋನನ್ನು ಎದೆಯ ಮುಂದೆ ಹಿಡಿದು, ನೆಟ್ಟಗೆ ನಿಂತು. ಹಾಗೆ ನಿಂತು ಕಸ ಹೊಡೆಯುವವರು ಈ ಭೂಮಿಯ ಮೇಲೆ ಯಾರಿದ್ದಾರೆ?

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿರಾ? ಮ್ಯಾನೇಜರು ಬಿಡಲಿಲ್ಲ.

"ಅಂದ್ರ ತಪ್ಪು ಆಕೀದೇ ಆತು. ಕೊಳ್ಳಾಗ ಹಾಕ್ಕೋ ಅಂತ ದಾರ ಕೊಟ್ಟೀವಿ. ಚಂಚ್ಯಾಗ ಇಡು ಅಂದವ್ರು ಯಾರು? ರೂಲ್ ಮುರದಾಳ. ಹೋಗ್ಲಿ ಆಕಿ."

ಈರಮ್ಮನ ಮೂಗು ಅರಳಿತು. "ಕೊಳ್ಳಾಗ ದಾರ ಹಾಕ್ಕೊಂಡು ತಿರುಗೂ ಬೆಲ್ಟಿನ ಬಾಯಾಗ ಬಗ್ಗಬೇಕೇನ್ರಿ ನಾ? ಸಾಹೇಬ್ರ, ನಿಮ್ಮ ಕೊಳ್ಳಾಗೂ ಒಂದು ಅದಲ್ಲ. ಬರ್ರಿ, ನೀವೇ ಒಂದ್ಸಲ ಬಗ್ಗಿ ತೋರಸ್ರಿ. ಆಮ್ಯಾಲ ನಾ ಹೋಗ್ತೀನಿ."

ಮ್ಯಾನೇಜರಿನ ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ ತೂಗಾಡುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು. ಅವನಿಗೆ ಹಿಂದೆ ಸರಿಯಲು ಆಗಲಿಲ್ಲ. ಗೋಡೆಯ ಹತ್ತಿರ ಬಂದು, ನಿಂತಿದ್ದ ಬೆಲ್ಟಿನ ಮುಂದೆ ಕಸಬರಿಗೆ ಹಿಡಿದು ಬಗ್ಗಿದ. ಚೀಟಿ ಜೋತಾಡುತ್ತ ಹೋಗಿ ಬೆಲ್ಟಿನ ರೋಲರಿಗೆ ಟಕ್ ಎಂದು ತಾಗಿತು. ಯಂತ್ರ ನಡೆಯುತ್ತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಕಸಬರಿಗೆ ಬಿಟ್ಟು ಚೀಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಮೇಲೆದ್ದ. ಚೀಟಿ ಅಂಗಿಯ ಜೇಬು ಸೇರಿತು.

ಅದೇ ಹೊತ್ತಿಗೆ ಮೇಡಮ್ಮಿನ ಫೋನು ಬಡಿದುಕೊಂಡಿತು. ಕರಿ ಕನ್ನಡಕದ ಸಾಹೇಬ. ಯಾರೋ ಸುದ್ದಿ ಮುಟ್ಟಿಸಿದ್ದರು. ಅವನ ಮಾತು ನನಗೂ ಕೇಳಿಸುತ್ತಿತ್ತು: ನಕಾಶೆಯಲ್ಲಿ ತಪ್ಪಿದೆ ಎಂದು ಬಾಯಿಬಿಡಬೇಡ, ಬಳಸುವವರ ತಪ್ಪು ಎಂದು ಹೇಳಿ ಜಲ್ದಿ ಬಂದುಬಿಡು. ಮೇಡಂ ಒಮ್ಮೆ ಈರಮ್ಮನನ್ನು ನೋಡಿದಳು. ಫೋನನ್ನು ಕಿವಿಯಿಂದ ತೆಗೆದು, ಸಾಹೇಬನಿಗೂ ಕೇಳುವ ಹಾಗೆ ಜೋರಾಗಿ ಮ್ಯಾನೇಜರಿಗೆ ಹೇಳಿದಳು.

"ನಕಾಶೆ ತಪ್ಪದ ಸರ್. ನಾವೇ ಮಾಡಿದ್ದು, ನಮ್ಮದೇ ತಪ್ಪು. ನಿಮ್ಮ ಮಂದಿ ಹೆಂಗ ಕೆಲಸ ಮಾಡ್ತಾರೋ ಹಂಗೇ ಮತ್ತೊಮ್ಮೆ ಮಾಡಿಕೊಡ್ತೀವಿ. ಅಲ್ಲೀತನಾ ಚುಕ್ಕಿ ನೋಡಿ ಯಾರನ್ನೂ ತಗೀಬ್ಯಾಡ್ರಿ. ಆಮ್ಯಾಲೂ ಬರೇ ಚುಕ್ಕಿ ನೋಡಿ ತಗೀಬ್ಯಾಡ್ರಿ. ಎದ್ದು ಹೋಗಿ ನೋಡ್ರಿ."

ಫೋನಿನಲ್ಲಿ ಸಾಹೇಬ ಇನ್ನೂ ಕಿರುಚುತ್ತಿದ್ದ. ಮೌಲಾ ಬಾಯಿಗೆ ಟವೆಲ್ ಒತ್ತಿಕೊಂಡು ಗಾಡಿಯ ಕಡೆ ಹೋದ. ಶಹಬ್ಬಾಸ್ ಎಂದು ಮೇಡಮ್ಮಿನ ಬೆನ್ನು ಚಪ್ಪರಿಸಿದೆ. ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು.

ಮ್ಯಾನೇಜರು ಈರಮ್ಮನ ಕಡೆ ನೋಡದೆ, "ಯಂತ್ರ ಚಾಲೂ ಮಾಡ್ರಿ" ಎಂದ. ಹೋಗು ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಈರಮ್ಮ ಇದ್ದಳು. ಆದರೆ ನಕಾಶೆ ಸರಿಹೋಗುವ ತನಕ ಅವಳ ಕೆಲಸ ದಾರಕ್ಕೆ ಜೋತುಬಿದ್ದ ಹಾಗೆಯೇ ಇತ್ತು, ಅದು ನಮಗೆಲ್ಲ ಗೊತ್ತಿತ್ತು.

ಆಮೇಲೆ ನಾವು ಮಾಡಿದ ಕೆಲಸ ನೋಡಬೇಕಿತ್ತು ನೀವು! ಪಂಚಾರತಿ ಹಿಡಿದಂತೆ ನಿಲ್ಲುವುದೆಲ್ಲ ಹೋಯಿತು. ನಾನು ಚಂಚಿ ಸಿಕ್ಕಿಸಿಕೊಂಡು, ಅಡಕೊತ್ತು ಸಮೇತ, ಕಸಬರಿಗೆ ಹಿಡಿದು ಗೋಡೆಗುಂಟ ಬಗ್ಗಿ ಬಗ್ಗಿ ಹೋದೆ. ಮೌಲಾ ಬೆನ್ನ ಮೇಲೆ ಚೀಲ ಹೊತ್ತು, ಅಂಗಿಯ ಜೇಬಿನಲ್ಲಿ ಫೋನಿಟ್ಟು, ಹಮಾಲರ ಸಾಲಿನಲ್ಲಿ ಏದುಸಿರು ಬಿಟ್ಟ. "ಯಕ್ಕಾ, ಎಂಜಿನಿಯರ್ ಕೆಲಸ ಅಂತ ಕರಕೊಂಡು ಬಂದು ಹಮಾಲಿ ಮಾಡಸಾಕತ್ತೀರಿ" ಎಂದು ಗೊಣಗಿದ. ಮೇಡಂ ತಾನೂ ಸೀರೆ ಉಟ್ಟುಕೊಂಡು ಬಂದು ಮೊರ ಹಿಡಿದು ಕೂತಳು, ಕೂತವರ ನಕಾಶೆಗೆಂದು. ಯಂತ್ರ ನಡೆಯುವಾಗ, ಥಪ್ಪಿ ಏರುವಾಗ, ಇಳಿಯುವಾಗ, ಎಲ್ಲ ಬೇರೆ ಬೇರೆಯಾಗಿ ಫೋನಿಗೆ ಕೇಳಿಸಿದೆವು. ಈರಮ್ಮ ನನ್ನ ಹಿಂದೆಯೇ ಇದ್ದು, "ಹಂಗ್ ಗುಡಸಬ್ಯಾಡ, ತೊಗರಿ ಒಡೀತದ. ನೀ ಆಸ್ಪತ್ರ್ಯಾಗ ಏನ್ ಕಸ ಹೊಡದ್ಯವ್ವಾ?" ಎಂದು ನನಗೇ ಬುದ್ಧಿ ಹೇಳಿದಳು. ನನ್ನ ಮೊಣಕಾಲು ಹೋದದ್ದು ಅಲ್ಲೇ ಎಂದು ವೈದ್ಯರು ಹೇಳುತ್ತಾರೆ. ಹೋದರೆ ಹೋಗಲಿ, ಅಷ್ಟು ಚಂದದ ಕೆಲಸ ನಾನು ಮತ್ತೆಂದೂ ಮಾಡಲಿಲ್ಲ!

ಹೊಸ ನಕಾಶೆ ಹಾಕಿದ ದಿನ ಪರೀಕ್ಷೆ. ಮ್ಯಾನೇಜರು ತನ್ನ ಖೋಲಿಯಲ್ಲಿ ಪರದೆಯ ಮುಂದೆ ಕೂತ, ಹಿಂದೆ ಮೇಡಂ ಮತ್ತು ನಾನು. ಈರಮ್ಮನಿಗೆ ಏನೂ ಹೇಳಿರಲಿಲ್ಲ, ಅವಳು ಅವಳ ಪಾಡಿಗೆ ಕೆಲಸದಲ್ಲಿದ್ದಳು. ಅವಳ ಚುಕ್ಕೆ ಗೋಡೆಯ ಈಚೆ ಇತ್ತು. ಕೂತೇ ನೋಡಿದೆವು. ಅಲುಗಿತು, ಗೋಡೆಗುಂಟ ಸರಿಯಿತು, ಬೆಲ್ಟಿನ ತುದಿಗೆ ಹೋಯಿತು, ತಿರುಗಿ ಬಂತು. ಗೋಡೆ ದಾಟಲಿಲ್ಲ. ಮೇಡಂ ನನ್ನ ಕೈ ಹಿಡಿದುಕೊಂಡಿದ್ದಳು. ಬಿಟ್ಟಿರಲೇ ಇಲ್ಲ.

"ಬರೋಬರಿ ಅದ" ಎಂದ ಮ್ಯಾನೇಜರು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಅವನಿಗೆ ಏನನ್ನಿಸಿತೋ, ಕುರ್ಚಿ ಹಿಂದೆ ತಳ್ಳಿ ಎದ್ದ. ಮೆಟ್ಟಿಲಿಳಿದು, ಥಪ್ಪಿಗಳ ಸಂದಿಯಲ್ಲಿ ಹಾದು, ಬೆಲ್ಟಿನ ತನಕ ನಡೆದು ಬಂದ. ನಾವು ಹಿಂದೆ ಹಿಂದೆ.

ಈರಮ್ಮ ಬಗ್ಗಿ ಗುಡಿಸುತ್ತಿದ್ದಳು. ಎದುರಿಗೆ ಬೂಟು ಕಂಡವು. ತಲೆ ಎತ್ತಿದಳು.

"ಏನ್ರಿ ಸಾಹೇಬ್ರ, ಇಲ್ಲೀತನಾ ಬಂದ್ರಿ?"

"ಏನಿಲ್ಲ. ನೋಡಾಕ ಬಂದೆ."

"ನೋಡ್ರಿ" ಎಂದಳು ಈರಮ್ಮ, ಕಸಬರಿಗೆ ನಿಲ್ಲಿಸದೆ. "ಆದ್ರ ಸ್ವಲ್ಪ ಕಾಲ್ ಸರಸ್ರಿ. ತೊಗರಿ ಮ್ಯಾಲ ನಿಂತೀರಿ."